ಕಣ್ಣಿನ ಶಿಬಿರದ ಹಿಂದಿನ ಕಥೆ

ಪ್ರಶ್ನೆ: ನಮ್ಮ ಬಡಾವಣೆಯ ಲಯನ್ಸ್ ಕ್ಲಬ್ಬಿಗೆ ಸದ್ಯದಲ್ಲೇ ಐವತ್ತು ವರ್ಷ ತುಂಬುತ್ತದೆ. ಸದಸ್ಯರಲ್ಲಿ ಅರ್ಧದಷ್ಟು ಮಂದಿ ಹೋಟೆಲು ಉದ್ಯಮದ ಕನ್ನಡಿಗರು. ಸ್ಮರಣ ಸಂಚಿಕೆಗೆ ಕ್ಲಬ್ಬಿನ ಚರಿತ್ರೆ ಬರೆಯುವ ಹೊಣೆ ನನ್ನ ಪಾಲಿಗೆ ಬಂದಿದೆ. ಕೈಯಲ್ಲಿರುವುದು ಮಾಜಿ ಅಧ್ಯಕ್ಷರ ಹೆಸರಿನ ಫಲಕ ಮತ್ತು ಒಂದಿಷ್ಟು ಫೋಟೊ ಮಾತ್ರ. ಪ್ರತಿವರ್ಷವೂ ಕಣ್ಣಿನ ಶಿಬಿರವನ್ನೇ ಏಕೆ ನಡೆಸುತ್ತೀರಿ ಎಂದು ಮಗಳು ಕೇಳಿದಳು. ಅದಕ್ಕೂ ಉತ್ತರ ಹೊಳೆಯಲಿಲ್ಲ. ಎಲ್ಲಿಂದ ಪ್ರಾರಂಭಿಸಲಿ?
— ಓದುಗರೊಬ್ಬರು, ಮುಲುಂಡ್, ಮುಂಬಯಿ

ಉತ್ತರ: ಮಗಳ ಪ್ರಶ್ನೆಯಿಂದಲೇ ಪ್ರಾರಂಭಿಸಿ. ಶಿಕಾಗೊದಲ್ಲಿ ವಿಮಾ ವ್ಯವಹಾರ ನಡೆಸುತ್ತಿದ್ದ ಮೆಲ್ವಿನ್ ಜೋನ್ಸ್, ವ್ಯಾಪಾರಿಗಳು ಒಟ್ಟಿಗೆ ಊಟ ಮಾಡಿ ಪರಸ್ಪರ ಗಿರಾಕಿಗಳನ್ನು ಒದಗಿಸಿಕೊಳ್ಳುತ್ತಿದ್ದ ಕೂಟವೊಂದರ ಸದಸ್ಯರಾಗಿದ್ದರು. ಇಷ್ಟು ಜನರ ಶಕ್ತಿ ಸ್ವಂತ ಲಾಭಕ್ಕಷ್ಟೇ ಏಕೆ ಮುಗಿಯಬೇಕು ಎಂಬ ಅವರ ಯೋಚನೆಯಿಂದ 1917ರಲ್ಲಿ ಲಯನ್ಸ್ ಎಂಬ ಸೇವಾ ಸಂಸ್ಥೆ ಹುಟ್ಟಿತು. 1925ರಲ್ಲಿ ಒಹಾಯೊ ರಾಜ್ಯದ ಸೀಡರ್ ಪಾಯಿಂಟ್‌ನಲ್ಲಿ ನಡೆದ ಲಯನ್ಸ್ ಸಮಾವೇಶಕ್ಕೆ ಬಂದ, ಕಣ್ಣು ಕಾಣದ, ಕಿವಿ ಕೇಳದ ಲೇಖಕಿ ಹೆಲೆನ್ ಕೆಲರ್, ಅಂಧರ ಪರವಾಗಿ ನಿಲ್ಲುವಂತೆ ಸದಸ್ಯರನ್ನು ಬೇಡಿಕೊಂಡರು. ನಿಮ್ಮ ಶಿಬಿರದ ಬೇರು ಇರುವುದು ಅಲ್ಲಿ. ಮುಂದೆ 1930ರಲ್ಲಿ ಅಮೆರಿಕದ ಪಿಯೋರಿಯಾ ನಗರದ ಸದಸ್ಯರೊಬ್ಬರು, ಅಂಧನ ಕೈಯಲ್ಲಿನ ಕಪ್ಪು ಕೋಲು ವಾಹನ ಚಾಲಕರ ಕಣ್ಣಿಗೆ ಬೀಳದಿರುವುದನ್ನು ಗಮನಿಸಿ ಅದಕ್ಕೆ ಬಿಳಿ ಬಣ್ಣ ಬಳಿಯುವ ಉಪಾಯ ಹೂಡಿದರು. ಭಾರತಕ್ಕೆ ಲಯನ್ಸ್ ಬಂದದ್ದು 1956ರಲ್ಲಿ. (ನೆರೆಮನೆಯಂತಿರುವ ಇನ್ನೊಂದು ಸೇವಾ ಸಂಸ್ಥೆ ರೋಟರಿ ಇನ್ನೂ ಹಳೆಯದು: 1905ರಲ್ಲಿ ಅದೇ ಶಿಕಾಗೊದಲ್ಲಿ ಪ್ರಾರಂಭವಾಗಿ 1929ರಲ್ಲಿ ಮುಂಬಯಿಗೆ ಬಂದಿತು. ಅದು ಕೈಗೆತ್ತಿಕೊಂಡ ಮೊದಲ ಊರಕೆಲಸ ಸಾರ್ವಜನಿಕ ಶೌಚಾಲಯ ಎಂಬುದು ಮುಂಬಯಿಯವರಾದ ನಮಗೆ ತಟ್ಟನೆ ಅರ್ಥವಾಗುವ ಸಂಗತಿ.)

ನಿಮ್ಮ ಕ್ಲಬ್ಬು ಹುಟ್ಟಿದ ಕಾಲದಲ್ಲಿ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗಳು ಎಷ್ಟೋ ಕಡೆ ಶಾಲೆಯ ಕೊಠಡಿಗಳಲ್ಲೇ ನಡೆಯುತ್ತಿದ್ದವು. ಕಣ್ಣಿನೊಳಗೆ ಮಸೂರ ಕೂರಿಸುವ ಪದ್ಧತಿ ಆಗಿನ್ನೂ ವ್ಯಾಪಕವಾಗಿರಲಿಲ್ಲವಾದ್ದರಿಂದ ರೋಗಿಗಳು ದಪ್ಪ ಗಾಜಿನ ಕನ್ನಡಕ ಧರಿಸಿ ಮನೆಗೆ ಮರಳುತ್ತಿದ್ದರು. ಈಗ ಶಿಬಿರದಲ್ಲಿ ತಪಾಸಣೆ ಮಾತ್ರ ನಡೆಯುತ್ತದೆ, ಚಿಕಿತ್ಸೆ ಆಸ್ಪತ್ರೆಯಲ್ಲಿ. ಈ ಬದಲಾವಣೆಯನ್ನು ಕಣ್ಣಾರೆ ಕಂಡ ಹಿರಿಯ ಸದಸ್ಯರನ್ನು ಕೂರಿಸಿ ಮಾತನಾಡಿಸಿ. ಹಾಗೆಯೇ, ಅವರು ಊರು ಬಿಟ್ಟು ಬಂದ ಕಥೆಯನ್ನೂ ಕೇಳಿ. ಮುಂಬಯಿಯಲ್ಲಿ ಕನ್ನಡಿಗರು ಕಟ್ಟಿಕೊಂಡ ಸಂಸ್ಥೆಗಳು ಹಳೆಯವು: ಮಾಟುಂಗದ ಮೈಸೂರು ಅಸೋಸಿಯೇಷನ್ 1926ರದು, ಕರ್ನಾಟಕ ಸಂಘ 1933ರದು. ಹಗಲು ಹೋಟೆಲಿನಲ್ಲಿ ದುಡಿಯುವ ಹುಡುಗರಿಗೆ ಕನ್ನಡಿಗರ ಸಂಸ್ಥೆಗಳು ರಾತ್ರಿ ಶಾಲೆಗಳನ್ನು ನಡೆಸಿದ್ದು ಈ ನಗರದ ಚರಿತ್ರೆಯ ಭಾಗ. ನಿಮ್ಮ ಸ್ಥಾಪಕ ಸದಸ್ಯರಲ್ಲಿ ಕೆಲವರು ಆ ಶಾಲೆಗಳ ಬೆಂಚಿನಿಂದಲೇ ಎದ್ದು ಬಂದವರಿರಬಹುದು. ಹಾಗಿದ್ದರೆ ನಿಮ್ಮ ಕ್ಲಬ್ಬಿನ ಚರಿತ್ರೆಯ ಮೊದಲ ಅಧ್ಯಾಯ ಶಿಕಾಗೊದಲ್ಲಲ್ಲ, ಆ ಶಾಲೆಗಳಲ್ಲಿದೆ.

ಇನ್ನು ಕಾಗದಪತ್ರ. ಪ್ರತಿವರ್ಷ ಜುಲೈ 1ರಂದು ಪದಾಧಿಕಾರಿಗಳು ಬದಲಾಗುವ ಸಂಸ್ಥೆಯಲ್ಲಿ ದಾಖಲೆಗಳು ಒಂದೆಡೆ ನಿಲ್ಲುವುದು ಕಷ್ಟ. ಅವು ಮಾಜಿ ಕಾರ್ಯದರ್ಶಿಗಳ ಮನೆಯ ಅಟ್ಟದಲ್ಲಿರುವ ಸಂಭವವೇ ಹೆಚ್ಚು. ಸಭೆಯ ನಡಾವಳಿ ಪುಸ್ತಕಕ್ಕಿಂತ ಲೆಕ್ಕದ ಪುಸ್ತಕವನ್ನು ನಾನು ಹೆಚ್ಚು ನಂಬುತ್ತೇನೆ. ಸದಸ್ಯರ ವಂತಿಗೆಯಿಂದ ನಡೆಯುವ ಆಡಳಿತದ ಖಾತೆ ಬೇರೆ, ಸಾರ್ವಜನಿಕರಿಂದ ಎತ್ತಿದ ಹಣದ ಸೇವಾ ಖಾತೆ ಬೇರೆ ಎಂಬುದು ಲಯನ್ಸ್ ನಿಯಮ; ಊಟೋಪಚಾರಕ್ಕೆ ಎರಡನೆಯದನ್ನು ಮುಟ್ಟುವಂತಿಲ್ಲ. ಯಾವ ವರ್ಷ ಎಷ್ಟು ಕನ್ನಡಕ, ಎಷ್ಟು ಶಾಲಾ ಪುಸ್ತಕ ಹಂಚಲಾಯಿತು ಎಂಬುದನ್ನು ಹಾರ ಹಾಕಿಸಿಕೊಂಡವರ ಫೋಟೊಗಳು ಹೇಳಲಾರವು, ಆ ಖಾತೆಯ ರಸೀದಿಗಳು ಹೇಳುತ್ತವೆ. ಸೇವೆ ನಿಂತುಹೋದ ವರ್ಷಗಳು ಕಂಡುಬಂದರೆ ಅದನ್ನೂ ಮುಚ್ಚಿಡದೆ ಬರೆಯಿರಿ.

ಫಲಕದಲ್ಲಿ ಸಿಗದ ಹೆಸರುಗಳೂ ಇವೆ. ಲಯನ್ಸ್ ಮಹಿಳೆಯರಿಗೆ ಸದಸ್ಯತ್ವ ನೀಡಿದ್ದು 1987ರಲ್ಲಿ. ಅದಕ್ಕೂ ಮುಂಚೆ ಶಿಬಿರಗಳಲ್ಲಿ ರೋಗಿಗಳ ಹೆಸರು ಬರೆದು, ಕೈಹಿಡಿದು ನಡೆಸಿ, ಗಂಜಿ ಬಡಿಸಿದ ಸದಸ್ಯರ ಪತ್ನಿಯರು ಇದ್ದರೆ ಅವರನ್ನು ಹುಡುಕಿ ಮಾತನಾಡಿಸಿ. ಸಂಚಿಕೆಯಲ್ಲಿ ಅವರಿಗಾಗಿ ನಾಲ್ಕು ಪುಟ ಕಾದಿರಿಸಿ. ಜಾಹೀರಾತುಗಳನ್ನು ಹಿಂದಕ್ಕೆ ಸರಿಸಿದರಾಯಿತು.