ಅಯಾನಿಕ ಬಂಧ, ಸಹವೇಲೆನ್ಸೀಯ ಬಂಧ: ಇವೆರಡರಲ್ಲಿ ಯಾವುದು ಗಟ್ಟಿ?

ಉಪ್ಪು ದ್ರವವಾಗಲು 801 ಡಿಗ್ರಿ ಸೆಲ್ಸಿಯಸ್ ಬೇಕು, ಸಕ್ಕರೆಗೆ 186ರ ಆಸುಪಾಸು ಸಾಕು, ಆದ್ದರಿಂದ ಅಯಾನಿಕ ಬಂಧವೇ (ಅಯಾನುಗಳ, ಅಂದರೆ ವಿದ್ಯುದಂಶ ಹೊತ್ತ ಕಣಗಳ ನಡುವಿನ ಸೆಳೆತವೇ) ಗಟ್ಟಿ ಎಂದು ತರಗತಿಯಲ್ಲಿ ಹೇಳಿದ್ದಾರೆ. ಆದರೆ ಅದೇ ಉಪ್ಪು ಒಂದು ಲೋಟ ನೀರಿನಲ್ಲಿ ಕರಗಿಹೋಗುತ್ತದೆ, ಸಹವೇಲೆನ್ಸೀಯ ಬಂಧಗಳ (ಪರಮಾಣುಗಳು ಎಲೆಕ್ಟ್ರಾನುಗಳನ್ನು ಹಂಚಿಕೊಂಡು ಕಟ್ಟಿದ ಬಂಧಗಳ) ವಜ್ರ ಮಾತ್ರ ಯಾವುದಕ್ಕೂ ಜಗ್ಗುವುದಿಲ್ಲ. ಹಾಗಾದರೆ ಯಾವುದನ್ನು ನಂಬಬೇಕು ಎಂದು ನೀವು ಕೇಳಿದ್ದೀರಿ. ನಾನು ಕುಮಟಾ ತಾಲ್ಲೂಕಿನಲ್ಲಿ ಹಲವು ವರ್ಷ ಪಿಯುಸಿ ವಿದ್ಯಾರ್ಥಿಗಳಿಗೆ ರಸಾಯನಶಾಸ್ತ್ರ ಕಲಿಸಿದವನು. ಈ ಪ್ರಶ್ನೆ ಹೆಚ್ಚುಕಡಿಮೆ ಪ್ರತಿ ವರ್ಷವೂ ಬರುತ್ತಿತ್ತು, ಮೊದಮೊದಲು ನಾನೂ ಕರಗುವ ಬಿಂದುವಿನ ಆ ಒಂದು ಸಾಲನ್ನೇ ಹೇಳಿ ಮುಂದಿನ ಪಾಠಕ್ಕೆ ಹೋಗಿಬಿಡುತ್ತಿದ್ದೆ. ಆ ಸಾಲು ಉತ್ತರವೇನೋ ಹೌದು, ಆದರೆ ನೀವು ಕೇಳಿದ ಪ್ರಶ್ನೆಗಲ್ಲ.

ಒಂದು ವಸ್ತುವನ್ನು ಕಾಯಿಸಿದಾಗ ಅದರಲ್ಲಿ ಯಾವುದು ಬಿಡಿಸಿಕೊಳ್ಳುತ್ತದೆ ಎಂಬುದನ್ನು ಮೊದಲು ನೋಡಬೇಕು. ಶಿರಸಿ ಕಡೆಯ ಆಲೆಮನೆಯಲ್ಲಿ ಕೊಪ್ಪರಿಗೆಯಿಂದ ಗಂಟೆಗಟ್ಟಲೆ ಏಳುವ ಹಬೆಯಲ್ಲಿ ನೀರಿನ ಅಣುಗಳು ಒಂದನ್ನೊಂದು ಬಿಟ್ಟು ಹೊರಟಿರುತ್ತವೆಯೇ ಹೊರತು, ಅಣುವಿನೊಳಗಿನ ಹೈಡ್ರೋಜನ್ ಮತ್ತು ಆಕ್ಸಿಜನ್ನಿನ ಬಂಧ ಒಂದೂ ಮುರಿದಿರುವುದಿಲ್ಲ. ಒಂದು ಮೋಲ್ (ಕಣಗಳನ್ನು ಎಣಿಸಲು ರಸಾಯನಶಾಸ್ತ್ರದಲ್ಲಿ ಬಳಸುವ ಗೊತ್ತಾದ ಅಳತೆ) ನೀರನ್ನು ಆವಿ ಮಾಡಲು ಸುಮಾರು 41 ಕಿಲೋಜೂಲ್ ಬೇಕು. ಅದರೊಳಗಿನ ಒಂದೊಂದು ಬಂಧವನ್ನು ಕೀಳಲು ಮೋಲಿಗೆ ಸುಮಾರು 463 ಕಿಲೋಜೂಲ್ ಬೇಕು. ಸಕ್ಕರೆಯ ಕಥೆಯೂ ಇದೇ. ಅದರ ಒಂದು ಅಣುವಿನಲ್ಲಿ 45 ಪರಮಾಣುಗಳು ಸಹವೇಲೆನ್ಸೀಯ ಬಂಧದಿಂದ ಕೂಡಿಕೊಂಡಿವೆ, ಸಕ್ಕರೆ ದ್ರವವಾಗುವಾಗ ಸಡಿಲುವುದು ಅಣು ಮತ್ತು ಅಣುವಿನ ನಡುವಿನ ದುರ್ಬಲ ಸೆಳೆತ. ಒಳಗಿನ ಬಂಧಗಳು ನಿಜಕ್ಕೂ ಮುರಿಯತೊಡಗಿದಾಗ ಸಕ್ಕರೆ ಕಂದಾಗಿ, ಆಮೇಲೆ ಕರಿಯಾಗಿ ಸೀದ ವಾಸನೆ ಬರುತ್ತದೆ. ಜೋನಿಬೆಲ್ಲ ಕಾಯಿಸುವವರು ಕಾಯುವುದೆಲ್ಲ ಆ ಹಂತಕ್ಕೆ ಹೋಗದಿರಲಿ ಎಂದೇ.

ಉಪ್ಪಿನಲ್ಲಿ ಬಿಡಿ ಅಣು ಎಂಬುದೇ ಇಲ್ಲ. ಸಾಣಿಕಟ್ಟೆಯ ಉಪ್ಪಿನ ಆಗರದಿಂದ ತಂದ ಒಂದು ಹರಳನ್ನು ತೆಗೆದುಕೊಂಡರೆ, ಅದರಲ್ಲಿ ಪ್ರತಿ ಸೋಡಿಯಂ ಅಯಾನಿನ ಸುತ್ತ 6 ಕ್ಲೋರೈಡ್ ಅಯಾನುಗಳು, ಪ್ರತಿ ಕ್ಲೋರೈಡ್ ಸುತ್ತ 6 ಸೋಡಿಯಂ ಅಯಾನುಗಳು, ಅವುಗಳಾಚೆಗೆ ಮತ್ತೆ ಸಾಲು ಸಾಲಾಗಿ ಧನ ಮತ್ತು ಋಣ ಅಯಾನುಗಳು, ಹೀಗೆ ಹರಳಿನ ಅಂಚಿನವರೆಗೂ ಎಲ್ಲವೂ ಎಲ್ಲವನ್ನೂ ಸೆಳೆಯುತ್ತ ಅಥವಾ ತಳ್ಳುತ್ತ ಇರುತ್ತವೆ. ಅದನ್ನು ದ್ರವ ಮಾಡಬೇಕಾದರೆ ಅಯಾನಿಕ ಬಂಧವನ್ನೇ ಸಡಿಲಿಸಬೇಕು. (ದೃಷ್ಟಿ ತೆಗೆದು ಒಲೆಗೆ ಹಾಕಿದ ಉಪ್ಪು ಚಟಪಟ ಸಿಡಿಯುವುದನ್ನು ಬಂಧ ಮುರಿದ ಸದ್ದೆಂದು ಒಬ್ಬ ಹುಡುಗ ಬರೆದಿದ್ದ, ಹರಳಿನೊಳಗೆ ಸಿಕ್ಕಿಕೊಂಡ ನೀರು ಆವಿಯಾಗಿ ಅದನ್ನು ಒಡೆಯುವ ಸದ್ದು ಅದು.) ಹೀಗಾಗಿ 801 ಮತ್ತು 186 ಎಂಬ ಎರಡು ಅಂಕಿಗಳನ್ನು ಎದುರುಬದುರು ಇಟ್ಟಾಗ ನಾವು ಹೋಲಿಸುತ್ತಿರುವುದು ಅಯಾನಿಕ ಬಂಧವನ್ನು ಮತ್ತು ಅಣುಗಳ ನಡುವಿನ ಸೆಳೆತವನ್ನು, ಸಹವೇಲೆನ್ಸೀಯ ಬಂಧ ಆ ಹೋಲಿಕೆಯಲ್ಲಿ ಬಂದೇ ಇಲ್ಲ. ಮೇಣದ ಬತ್ತಿಯಲ್ಲಿಯೂ ವಜ್ರದಲ್ಲಿಯೂ ಇರುವುದು ಕಾರ್ಬನ್ ಕಾರ್ಬನ್ನಿನ ನಡುವಿನ ಏಕಬಂಧ, ಎರಡರಲ್ಲಿಯೂ ಅದರ ಬಲ ಮೋಲಿಗೆ ಸುಮಾರು 350 ಕಿಲೋಜೂಲ್. ಮೇಣ 60 ಡಿಗ್ರಿಯ ಆಸುಪಾಸಿನಲ್ಲಿ ಇಳಿದುಹೋಗುತ್ತದೆ, ಏಕೆಂದರೆ ಅಲ್ಲಿ ಬಂಧಗಳು ಅಣುವಿನ ತುದಿಗೆ ಮುಗಿಯುತ್ತವೆ. ವಜ್ರದಲ್ಲಿ ಅವು ಮುಗಿಯುವುದೇ ಇಲ್ಲ. ಕಾರವಾರದ ಕಡಲ ದಂಡೆಯ ಮರಳಿನ ಮುಖ್ಯಾಂಶವಾದ ಸಿಲಿಕಾ ಕೂಡ ಹೀಗೆಯೇ ಹಬ್ಬಿಕೊಂಡ ಜಾಲ, ಅದು ದ್ರವವಾಗಲು ಸುಮಾರು 1,700 ಡಿಗ್ರಿ ಬೇಕು.

ಇನ್ನು ಅಂಕಿಗಳಿಗೆ ಬರೋಣ. ಉಪ್ಪಿಗೆ 787 ಕಿಲೋಜೂಲ್, ಕ್ಲೋರಿನ್ ಅಣುವಿಗೆ 243 ಕಿಲೋಜೂಲ್ ಎಂದು ಕೋಷ್ಟಕದಲ್ಲಿ ನೋಡಿ, ಅಯಾನಿಕ ಬಂಧ ಮೂರು ಪಟ್ಟು ಗಟ್ಟಿ ಎಂದು ತೀರ್ಮಾನಿಸುವವರು ಬಹಳ. ಈ 787 ಜಾಲಕ ಶಕ್ತಿ, ಅಂದರೆ ಒಂದು ಮೋಲ್ ಹರಳನ್ನು ಪೂರ್ತಿ ಬಿಡಿಸಿ ಪ್ರತಿಯೊಂದು ಅಯಾನನ್ನೂ ದೂರ ದೂರ ಒಯ್ಯಲು ಬೇಕಾದ ಶಕ್ತಿ. ಆ 243 ಒಂದು ಮೋಲ್ ಅಣುಗಳಲ್ಲಿ ಪ್ರತಿ ಜೋಡಿಯನ್ನೂ ಎರಡು ಪರಮಾಣುಗಳಾಗಿ ಬೇರ್ಪಡಿಸಲು ಬೇಕಾದ ಶಕ್ತಿ. ಒಂದನ್ನು ಸೇರಿನಲ್ಲಿಯೂ ಇನ್ನೊಂದನ್ನು ಮೊಳದಲ್ಲಿಯೂ ಅಳೆದಂತೆ ಇದು. ಸರಿಯಾಗಿ ಹೋಲಿಸಬೇಕಾದರೆ ಉಪ್ಪನ್ನೂ ಆವಿ ಮಾಡಿ, ಒಂದು ಸೋಡಿಯಂ ಮತ್ತು ಒಂದು ಕ್ಲೋರಿನ್ ಮಾತ್ರ ಇರುವ ಜೋಡಿಯನ್ನು ಪರಮಾಣುಗಳಾಗಿ ಬೇರ್ಪಡಿಸಬೇಕು. ಆಗ ಸಿಗುವ ಅಂಕಿ ಸುಮಾರು 410, ಅಂದರೆ ಸಾಮಾನ್ಯ ಕಾರ್ಬನ್ ಹೈಡ್ರೋಜನ್ ಬಂಧದ 413ರ ಪಕ್ಕದಲ್ಲೇ. ಅದೇ ಜೋಡಿಯನ್ನು ಅಯಾನುಗಳಾಗಿ ಬೇರ್ಪಡಿಸಿದರೆ ಸುಮಾರು 555 ಆಗುತ್ತದೆ, ಏಕೆಂದರೆ ಸೋಡಿಯಂನ ಎಲೆಕ್ಟ್ರಾನ್ ಕೀಳಲು 496 ಖರ್ಚಾಗಿ, ಕ್ಲೋರಿನ್ ಅದನ್ನು ಪಡೆದಾಗ 349 ಮಾತ್ರ ಹಿಂದಕ್ಕೆ ಬರುತ್ತದೆ. ಅತ್ತ ನೈಟ್ರೋಜನ್ನಿನ ತ್ರಿಬಂಧ 945. ಅತ್ತ ಮ್ಯಾಗ್ನೀಸಿಯಂ ಆಕ್ಸೈಡಿನಲ್ಲಿ ಅಯಾನುಗಳ ವಿದ್ಯುದಂಶ ಎರಡೆರಡು ಆದ್ದರಿಂದ ಜಾಲಕ ಶಕ್ತಿ ಸುಮಾರು 3,800 (ಇದನ್ನು ಉಪ್ಪಿನ 787ರ ಪಕ್ಕದಲ್ಲಿಟ್ಟು ನೋಡಬೇಕು), ಕರಗುವ ಬಿಂದು 2,800 ಡಿಗ್ರಿಯಾಚೆ. ಇತ್ತ ಫ್ಲೋರಿನ್ ಅಣುವಿನ ಸಹವೇಲೆನ್ಸೀಯ ಬಂಧ ಬರೀ 158. ಎರಡೂ ಬಳಗದಲ್ಲಿ ಗಟ್ಟಿಗರೂ ಇದ್ದಾರೆ, ಬಡಪಾಯಿಗಳೂ ಇದ್ದಾರೆ.

ನೀರಿನಲ್ಲಿ ಕರಗುವ ವಿಷಯದಲ್ಲಿ ನಮ್ಮ ಭಾಷೆಯೇ ಸ್ವಲ್ಪ ಗೊಂದಲ ತರುತ್ತದೆ. ಬೆಂಕಿಗೆ ಮೇಣ ಕರಗಿತು ಎನ್ನುತ್ತೇವೆ, ನೀರಿಗೆ ಉಪ್ಪು ಕರಗಿತು ಎನ್ನುತ್ತೇವೆ. ಮಾತು ಒಂದೇ ಆದ್ದರಿಂದ ಎರಡೂ ಒಂದೇ ಪರೀಕ್ಷೆ ಎಂದು ಮನಸ್ಸು ನಂಬಿಬಿಡುತ್ತದೆ. ಬೆಂಕಿ ಶಾಖವನ್ನು ಮಾತ್ರ ಕೊಡುತ್ತದೆ. ನೀರು ಹಾಗಲ್ಲ, ಅದರ ಅಣುಗಳು ಪ್ರತಿ ಅಯಾನನ್ನೂ ಸುತ್ತುವರಿದು ಹಿಡಿದುಕೊಳ್ಳುತ್ತವೆ, ನೀರಿನೊಳಗೆ ಅಯಾನುಗಳ ಪರಸ್ಪರ ಸೆಳೆತ ಸುಮಾರು 80ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಬಿಡಿಸಲು 787 ಖರ್ಚಾದರೂ ನೀರು ಹೆಚ್ಚುಕಡಿಮೆ ಅಷ್ಟನ್ನೂ ಮರಳಿ ತುಂಬಿಕೊಡುವುದರಿಂದ ನಿವ್ವಳ ಖರ್ಚು ಮೋಲಿಗೆ ಸುಮಾರು 4 ಕಿಲೋಜೂಲ್ ಮಾತ್ರ. ಬಂಧ ಬಡವಾಗಿತ್ತು ಎಂದು ಇದರಿಂದ ಹೇಳಲಾಗದು. ಮಳೆಗಾಲದಲ್ಲಿ ನಮ್ಮ ಮನೆಗಳ ಉಪ್ಪಿನ ಭರಣಿ ಒದ್ದೆಯಾಗುವುದಕ್ಕೆ ಆಗರದ ಉಪ್ಪಿನಲ್ಲಿ ಉಳಿದ ಮ್ಯಾಗ್ನೀಸಿಯಂ ಕ್ಲೋರೈಡ್ ಮುಖ್ಯ ಕಾರಣ. ಅದರ ಜಾಲಕ ಶಕ್ತಿ ಸುಮಾರು 2,500, ಉಪ್ಪಿನ ಮೂರು ಪಟ್ಟು. ಆದರೂ ಗಾಳಿಯಲ್ಲಿರುವ ತೇವವೇ ಅದನ್ನು ಕರಗಿಸಲು ಸಾಕು, ಏಕೆಂದರೆ ಹರಳನ್ನು ಅಷ್ಟು ಬಿಗಿಯಾಗಿ ಹಿಡಿದ ಚಿಕ್ಕ ಮ್ಯಾಗ್ನೀಸಿಯಂ ಅಯಾನು ನೀರನ್ನೂ ಅಷ್ಟೇ ಬಿಗಿಯಾಗಿ ಹಿಡಿಯುತ್ತದೆ.

ನನಗೆ ತುಂಬ ಇಷ್ಟವಾದ ಉದಾಹರಣೆ ಅಘನಾಶಿನಿ ಅಳಿವೆಯಲ್ಲಿ ಸಿಗುವ ಬಳಚು ಎಂಬ ಜೀವಿಯ ಚಿಪ್ಪಿ, ಏಕೆಂದರೆ ನಿಮ್ಮ ಎರಡೂ ಬಂಧಗಳು ಅದರಲ್ಲಿ ಒಟ್ಟಿಗೇ ಇವೆ. ಚಿಪ್ಪಿಯ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್: ಕ್ಯಾಲ್ಸಿಯಂ ಮತ್ತು ಕಾರ್ಬೊನೇಟ್ ಅಯಾನುಗಳ ನಡುವೆ ಅಯಾನಿಕ ಬಂಧ, ಕಾರ್ಬೊನೇಟಿನೊಳಗೆ ಒಂದು ಕಾರ್ಬನ್ ಮತ್ತು ಮೂರು ಆಕ್ಸಿಜನ್ ನಡುವೆ ಸಹವೇಲೆನ್ಸೀಯ ಬಂಧ. ಕವಳಕ್ಕೆ (ಎಲೆಯಡಿಕೆಗೆ) ಹಚ್ಚುವ ಸುಣ್ಣಕ್ಕಾಗಿ ಚಿಪ್ಪಿಯನ್ನು ಗೂಡಿನಲ್ಲಿ ಸುಟ್ಟಾಗ, ಸುಮಾರು 900 ಡಿಗ್ರಿಯಲ್ಲಿ ಮುರಿಯುವುದು ಕಾರ್ಬನ್ ಆಕ್ಸಿಜನ್ನಿನ ಒಂದು ಸಹವೇಲೆನ್ಸೀಯ ಬಂಧ. ಕಾರ್ಬನ್ ಡೈಆಕ್ಸೈಡ್ ಹಾರಿಹೋಗುತ್ತದೆ, ಕ್ಯಾಲ್ಸಿಯಂ ಆಕ್ಸೈಡ್ ಎಂಬ ಅಯಾನಿಕ ಹರಳು ಗೂಡಿನಲ್ಲಿ ಉಳಿಯುತ್ತದೆ. ಅದು ದ್ರವವಾಗಲು 2,500 ಡಿಗ್ರಿಗಿಂತ ಹೆಚ್ಚು ಬೇಕು. ಹಾಗೆಂದು ಇಲ್ಲಿ ಅಯಾನಿಕ ಬಂಧ ಗೆದ್ದಿತು ಎನ್ನುವಂತಿಲ್ಲ. ಕಾರ್ಬನ್ನಿನ ಜೊತೆ ಉಳಿದ ಎರಡು ಬಂಧಗಳು ಮೊದಲಿಗಿಂತ ಗಟ್ಟಿಯಾಗುತ್ತವೆ, ಕ್ಯಾಲ್ಸಿಯಂ ತನ್ನ ಹೊಸ ನೆರೆಯಾದ ಚಿಕ್ಕ ಆಕ್ಸೈಡನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಳ್ಳುತ್ತದೆ, ಹಾಗಾಗಿ ಒಟ್ಟು ಖರ್ಚು ಮೋಲಿಗೆ ಸುಮಾರು 178 ಕಿಲೋಜೂಲ್‌ಗೆ ಇಳಿಯುತ್ತದೆ. ಬಿಡುಗಡೆಯಾದ ಅನಿಲ ಗೂಡಿನಿಂದ ಹೊರಟುಹೋಗುವುದರಿಂದ ಕ್ರಿಯೆ ಹಿಂದಿರುಗುವುದೂ ಇಲ್ಲ. ಆ ಸುಟ್ಟ ಸುಣ್ಣಕ್ಕೆ ನೀರು ಹಾಕಿದಾಗ ಬುಸುಗುಟ್ಟಿ ಬಿಸಿಯೇರುತ್ತದಲ್ಲ, ಆಗ ನೀರಿನ ಸಹವೇಲೆನ್ಸೀಯ ಬಂಧವೊಂದು ಒಲೆಯ ಹಂಗೇ ಇಲ್ಲದೆ ಮುರಿದಿರುತ್ತದೆ.

ಕೊನೆಯದಾಗಿ, ಇವೆರಡನ್ನು ಎರಡು ಪ್ರತ್ಯೇಕ ಜಾತಿ ಎಂದು ಎಣಿಸಿದ್ದೇ ಈ ಪ್ರಶ್ನೆಯ ಅರ್ಧ ತೊಡಕು. ರಸಾಯನಶಾಸ್ತ್ರಜ್ಞ ಲೈನಸ್ ಪೌಲಿಂಗ್ 1932ರಲ್ಲಿ ವಿದ್ಯುದೃಣತ್ವದ, ಅಂದರೆ ಬಂಧದ ಎಲೆಕ್ಟ್ರಾನುಗಳನ್ನು ಪರಮಾಣು ತನ್ನತ್ತ ಎಳೆದುಕೊಳ್ಳುವ ಸಾಮರ್ಥ್ಯದ ಮಾಪಕವನ್ನು ಕಟ್ಟಿದ್ದು ಇದನ್ನು ಗಮನಿಸಿಯೇ. ಹೈಡ್ರೋಜನ್ ಅಣುವಿನ ಬಂಧ 436, ಫ್ಲೋರಿನ್ ಅಣುವಿನದು 158, ಇವುಗಳ ಸರಾಸರಿ 297. ಆದರೆ ಹೈಡ್ರೋಜನ್ ಫ್ಲೋರೈಡಿನ ಬಂಧ ಸುಮಾರು 565. ಹಂಚಿಕೊಂಡ ಎಲೆಕ್ಟ್ರಾನುಗಳು ಫ್ಲೋರಿನ್ನಿನ ಕಡೆಗೆ ವಾಲಿದ್ದರಿಂದ ಬಂದ ಅಯಾನಿಕ ಗುಣವೇ ಆ ಹೆಚ್ಚುವರಿ ಬಲ. ನನ್ನ ಅಭಿಪ್ರಾಯದಲ್ಲಿ ಪಿಯುಸಿ ಮಟ್ಟದಲ್ಲಿ ಇದನ್ನೇ ಮೊದಲು ಕಲಿಸಬೇಕು, ಕರಗುವ ಬಿಂದುವಿನ ಕೋಷ್ಟಕವನ್ನು ಆಮೇಲೆ.

ಪರೀಕ್ಷೆಯಲ್ಲಿ ಬಹುಆಯ್ಕೆಯ ಪ್ರಶ್ನೆಯಾಗಿ ಬಂದರೆ ನಿಮ್ಮ ಉಪನ್ಯಾಸಕರು ಹೇಳಿದ ಉತ್ತರಕ್ಕೇ ಗುರುತು ಹಾಕಿ, ಅಂಕ ಕಳೆದುಕೊಳ್ಳುವುದು ಬೇಡ. ವಿವರಣೆ ಬರೆಯಲು ಅವಕಾಶವಿದ್ದರೆ ಮಾತ್ರ, ಯಾವ ಸ್ಥಿತಿಯಲ್ಲಿರುವ ಯಾವ ವಸ್ತುವನ್ನು ಅಯಾನುಗಳಾಗಿಯೋ ಪರಮಾಣುಗಳಾಗಿಯೋ ಬೇರ್ಪಡಿಸುತ್ತಿದ್ದೀರಿ ಎಂಬುದನ್ನು ಮೊದಲ ವಾಕ್ಯದಲ್ಲೇ ಬರೆದು, ಅಂಕಿಗಳನ್ನು ಅದರ ಕೆಳಗೆ ಕೊಡಿ.