ಒಂದೇ ಸ್ವಿಚ್ಚಿನೊಳಗೆ ಹಲವು ನೆಟ್‌ವರ್ಕ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಹುಬ್ಬಳ್ಳಿಯ ವಿದ್ಯಾನಗರದಲ್ಲಿರುವ ಕಾಲೇಜೊಂದರಲ್ಲಿ ನಾನು ಕಂಪ್ಯೂಟರ್ ಪ್ರಯೋಗಾಲಯವನ್ನು ನೋಡಿಕೊಳ್ಳುತ್ತೇನೆ. ಕೆಳಗಿನ ಮಹಡಿಯಲ್ಲಿ ಕಚೇರಿ, ಮೇಲಿನ ಮಹಡಿಯಲ್ಲಿ ಪ್ರಯೋಗಾಲಯ ಇವೆ. ಎರಡೂ ಕಡೆ 24 ಪೋರ್ಟಿನ ಒಂದೊಂದು ಮ್ಯಾನೇಜ್ಡ್ ಸ್ವಿಚ್ (ಕಂಪ್ಯೂಟರ್‌ಗಳನ್ನು ಜೋಡಿಸುವ, ಹೊಂದಾಣಿಕೆ ಬದಲಿಸಬಹುದಾದ ಸಾಧನ) ಇದ್ದು, ಅವುಗಳ ನಡುವೆ ಒಂದು ಕೇಬಲ್ ಎಳೆಯಲಾಗಿದೆ. ಒಂದೇ ಸ್ವಿಚ್ಚನ್ನು ಹಲವು ಪ್ರತ್ಯೇಕ ನೆಟ್‌ವರ್ಕುಗಳಾಗಿ ವಿಭಜಿಸುವ ವಿಲ್ಯಾನುಗಳನ್ನು ಕಚೇರಿಗೆ ವಿಲ್ಯಾನ್ 10, ಪ್ರಯೋಗಾಲಯಕ್ಕೆ 20, ಕ್ಯಾಮೆರಾಗಳಿಗೆ 30 ಎಂದು ಎರಡೂ ಸ್ವಿಚ್ಚುಗಳಲ್ಲಿ ರಚಿಸಿದ್ದೇವೆ. ಒಂದೇ ಸ್ವಿಚ್ಚಿನಲ್ಲಿರುವ ಕಂಪ್ಯೂಟರ್‌ಗಳು ಸರಿಯಾಗಿ ಮಾತಾಡಿಕೊಳ್ಳುತ್ತವೆ. ಆದರೆ ಮೇಲಿನ ಮಹಡಿಯಲ್ಲಿರುವ ಲೆಕ್ಕಪತ್ರದ ಕಂಪ್ಯೂಟರನ್ನು ವಿಲ್ಯಾನ್ 10ಕ್ಕೆ ಸೇರಿಸಿದರೆ ಕೆಳಗಿನ ಕಚೇರಿ ಸರ್ವರ್ ಅದಕ್ಕೆ ಸಿಗುವುದಿಲ್ಲ. ಎರಡೂ ಕಡೆ ಸಂಖ್ಯೆ 10 ಎಂದೇ ಇದ್ದರೂ ಹೀಗೇಕೆ?

ಉತ್ತರ: ಎರಡು ಸ್ವಿಚ್ಚುಗಳನ್ನು ಜೋಡಿಸುವ ಪೋರ್ಟುಗಳು ಕಾರ್ಖಾನೆಯಿಂದ ಬಂದ ಸ್ಥಿತಿಯಲ್ಲೇ, ಅಂದರೆ ವಿಲ್ಯಾನ್ 1ರ ಸಾಮಾನ್ಯ ಪೋರ್ಟುಗಳಾಗಿಯೇ ಉಳಿದಿವೆ ಎಂದು ನಿಮ್ಮ ವಿವರಣೆಯಿಂದ ತೋರುತ್ತದೆ. ಎರಡೂ ತುದಿಯ ಪೋರ್ಟನ್ನು ಟ್ರಂಕ್ (ಹಲವು ವಿಲ್ಯಾನುಗಳನ್ನು ಒಟ್ಟಿಗೆ ಸಾಗಿಸುವ ಪೋರ್ಟು) ಮಾಡಿ, ಅದರ ಮೇಲೆ 10, 20 ಮತ್ತು 30ಕ್ಕೆ ಅನುಮತಿ ಕೊಟ್ಟರೆ ಸರ್ವರ್ ಸಿಗಬೇಕು. ಆದರೆ ಇಷ್ಟನ್ನೇ ಮಾಡಿ ಬಿಟ್ಟರೆ ನಾಳೆ ಬರುವ ಇನ್ನೊಂದು ತೊಂದರೆಗೆ ಮತ್ತೆ ಬೇರೆಯವರನ್ನೇ ಕೇಳಬೇಕಾಗುತ್ತದೆ. ಆದ್ದರಿಂದ ಸ್ವಿಚ್ಚಿನ ಒಳಗೆ ನಡೆಯುವುದನ್ನು ತುಸು ವಿವರವಾಗಿ ನೋಡುವುದು ಒಳ್ಳೆಯದು.

ಸ್ವಿಚ್ ತನ್ನ ಬಳಿ ಒಂದು ಪಟ್ಟಿಯನ್ನು ಇಟ್ಟುಕೊಂಡಿರುತ್ತದೆ. ಯಾವುದಾದರೂ ಪೋರ್ಟಿನಿಂದ ಒಂದು ಫ್ರೇಮ್, ಅಂದರೆ ಮಾಹಿತಿಯ ಒಂದು ಕಟ್ಟು, ಒಳಗೆ ಬಂದಾಗ, ಅದನ್ನು ಕಳುಹಿಸಿದವರ ಮ್ಯಾಕ್ ವಿಳಾಸವನ್ನು (ಸಾಧನದ ನೆಟ್‌ವರ್ಕ್ ಕಾರ್ಡಿನ ಗುರುತಿನ ಸಂಖ್ಯೆಯನ್ನು) ಓದಿ, ಈ ವಿಳಾಸ ಈ ಪೋರ್ಟಿನ ಕಡೆ ಇದೆ ಎಂದು ಬರೆದುಕೊಳ್ಳುತ್ತದೆ. ಬಳಿಕ ತಲುಪಬೇಕಾದ ವಿಳಾಸವನ್ನು ಪಟ್ಟಿಯಲ್ಲಿ ಹುಡುಕಿ, ಸಿಕ್ಕರೆ ಆ ಪೋರ್ಟಿಗೆ ಮಾತ್ರ ಕಳುಹಿಸುತ್ತದೆ. ಸಿಗದಿದ್ದರೆ, ಅಥವಾ ಆ ಫ್ರೇಮ್ ಎಲ್ಲರಿಗೂ ಹೋಗಬೇಕಾದ ಬ್ರಾಡ್‌ಕಾಸ್ಟ್ ಆಗಿದ್ದರೆ, ಬಂದ ಪೋರ್ಟೊಂದನ್ನು ಬಿಟ್ಟು ಉಳಿದೆಲ್ಲ ಪೋರ್ಟುಗಳಿಗೂ ಹರಡುತ್ತದೆ. ಒಂದು ವಿಳಾಸದಿಂದ ಸುಮಾರು 300 ಸೆಕೆಂಡು ಯಾವ ಫ್ರೇಮೂ ಬರದಿದ್ದರೆ ಬಹುತೇಕ ಸ್ವಿಚ್ಚುಗಳು ಆ ಸಾಲನ್ನು ಅಳಿಸಿಹಾಕುತ್ತವೆ.

ವಿಲ್ಯಾನ್ ಬಂದಾಗ ಈ ಪಟ್ಟಿಗೆ ಇನ್ನೊಂದು ಅಂಕಣ ಸೇರುತ್ತದೆ. ಮ್ಯಾಕ್ ವಿಳಾಸ ಮತ್ತು ಪೋರ್ಟಿನ ಜೊತೆಗೆ ವಿಲ್ಯಾನ್ ಸಂಖ್ಯೆಯನ್ನೂ ಬರೆದುಕೊಳ್ಳುವ ಸ್ವಿಚ್, ಹುಡುಕುವಾಗ ಅದೇ ವಿಲ್ಯಾನಿನ ಸಾಲುಗಳಲ್ಲಿ ಮಾತ್ರ ಹುಡುಕುತ್ತದೆ, ಹರಡುವಾಗಲೂ ಅದೇ ವಿಲ್ಯಾನಿಗೆ ಸೇರಿದ ಪೋರ್ಟುಗಳಿಗೆ ಮಾತ್ರ ಹರಡುತ್ತದೆ. ಹೀಗಾಗಿ ಪ್ರಯೋಗಾಲಯದ ಒಂದು ಕಂಪ್ಯೂಟರ್ ಹೊರಡಿಸಿದ ಬ್ರಾಡ್‌ಕಾಸ್ಟ್ ಕಚೇರಿಯ ಕಂಪ್ಯೂಟರಿಗೆ ಕೇಳಿಸುವುದೇ ಇಲ್ಲ. ಕಂಪ್ಯೂಟರಿಗಾಗಲಿ, ಕೇಬಲಿಗಾಗಲಿ ಇದರ ಅರಿವಿರುವುದಿಲ್ಲ. ವಿಲ್ಯಾನ್ ಎಂಬುದು ಸ್ವಿಚ್ ತನ್ನೊಳಗೆ ಇಟ್ಟುಕೊಂಡ ಲೆಕ್ಕ.

ಆದ್ದರಿಂದ ಯಾವ ಪೋರ್ಟಿನ ಮುಂದೆ ನಿಂತರೂ ಎರಡೇ ಪ್ರಶ್ನೆ ಕೇಳಬೇಕು. ಇಲ್ಲಿಂದ ಒಳಗೆ ಬರುವ ಫ್ರೇಮನ್ನು ಸ್ವಿಚ್ ಯಾವ ವಿಲ್ಯಾನಿಗೆ ಸೇರಿಸುತ್ತದೆ? ಇಲ್ಲಿಂದ ಹೊರಗೆ ಹೋಗುವ ಫ್ರೇಮ್ ತನ್ನ ವಿಲ್ಯಾನ್ ಸಂಖ್ಯೆಯನ್ನು ಹೊತ್ತು ಹೋಗುತ್ತದೆಯೇ, ಇಲ್ಲವೇ? ಕಂಪ್ಯೂಟರ್ ಜೋಡಿಸುವ ಆ್ಯಕ್ಸೆಸ್ ಪೋರ್ಟಿನಲ್ಲಿ ಮೊದಲನೆಯದಕ್ಕೆ ಉತ್ತರ, ನೀವು ನಿಗದಿ ಮಾಡಿದ ಒಂದು ಸಂಖ್ಯೆ; ಎರಡನೆಯದಕ್ಕೆ ಉತ್ತರ, ಇಲ್ಲ. ವಿಲ್ಯಾನಿನ ಬಗ್ಗೆ ಕೇಳಿಬರುವ ಬಹುಪಾಲು ಗೊಂದಲಗಳು ಈ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳದೆ ಒಂದಾಗಿ ಕಲಸಿಕೊಳ್ಳುವುದರಿಂದಲೇ ಹುಟ್ಟುತ್ತವೆ ಎಂದು ನನ್ನ ಅಭಿಪ್ರಾಯ.

ಒಂದು ಉದಾಹರಣೆಯನ್ನು ನೋಡಿ. ಕೆಳಗಿನ ಸ್ವಿಚ್ಚಿನ ಕೊನೆಯ ಪೋರ್ಟನ್ನು ವಿಲ್ಯಾನ್ 10ರ ಆ್ಯಕ್ಸೆಸ್ ಪೋರ್ಟಾಗಿ, ಮೇಲಿನ ಸ್ವಿಚ್ಚಿನದನ್ನು ವಿಲ್ಯಾನ್ 20ರ ಆ್ಯಕ್ಸೆಸ್ ಪೋರ್ಟಾಗಿ ಇಟ್ಟು ಕೇಬಲ್ ಜೋಡಿಸಿದಿರಿ ಎಂದುಕೊಳ್ಳೋಣ. ಕೆಳಗಿನಿಂದ ಹೊರಡುವಾಗ ಫ್ರೇಮಿನ ಮೇಲೆ 10 ಎಂಬ ಗುರುತಿರುವುದಿಲ್ಲ, ಮೇಲಿನ ಸ್ವಿಚ್ ಅದನ್ನು 20ಕ್ಕೆ ಸೇರಿಸಿಕೊಳ್ಳುತ್ತದೆ. ಸಾಮಾನ್ಯವಾಗಿ ಕೆಳಗಿನ ಕಚೇರಿಯೂ ಮೇಲಿನ ಪ್ರಯೋಗಾಲಯವೂ ಒಂದೇ ನೆಟ್‌ವರ್ಕ್ ಆಗಿಬಿಡುತ್ತವೆ. ಗುರುತಿಲ್ಲದೆ ಹೋದ ಫ್ರೇಮಿನ ಮಟ್ಟಿಗೆ, ಒಂದು ಸ್ವಿಚ್ಚಿನ 10ಕ್ಕೂ ಇನ್ನೊಂದು ಸ್ವಿಚ್ಚಿನ 10ಕ್ಕೂ ಯಾವ ಸಂಬಂಧವೂ ಇಲ್ಲ. ನಿಮ್ಮಲ್ಲಿ ಆದದ್ದೂ ಇದೇ ಬಗೆಯದು: ನಡುವಿನ ಪೋರ್ಟು ವಿಲ್ಯಾನ್ 1ಕ್ಕೆ ಮಾತ್ರ ಸೇರಿರುವುದರಿಂದ, ವಿಲ್ಯಾನ್ 10ರ ಫ್ರೇಮುಗಳಿಗೆ ಮೇಲಿನ ಸ್ವಿಚ್ಚಿನಿಂದ ಹೊರಬರುವ ದಾರಿಯೇ ಇಲ್ಲ.

ಆ ಗುರುತನ್ನೇ ಟ್ಯಾಗ್ ಎನ್ನುತ್ತಾರೆ. ಒಬ್ಬನೇ ವರ್ತಕನ ಗೋದಾಮಿನಲ್ಲಿರುವ ಮೆಣಸಿನಕಾಯಿ ಚೀಲಕ್ಕೆ ಹೆಸರು ಬರೆಯಬೇಕಿಲ್ಲ. ಹಲವು ವರ್ತಕರ ಚೀಲಗಳು ಒಂದೇ ಲಾರಿಯಲ್ಲಿ ಹೋಗುವಾಗ ಪ್ರತಿ ಚೀಲದ ಮೇಲೂ ಗುರುತು ಬೇಕು. ಟ್ರಂಕ್ ಪೋರ್ಟು ಮಾಡುವುದು ಅದನ್ನೇ. ಮೊದಲು ಒಂದೊಂದು ಕಂಪನಿಗೂ ಒಂದೊಂದು ಕ್ರಮವಿತ್ತು. 1998ರಲ್ಲಿ ಎಂಜಿನಿಯರುಗಳ ಅಂತರರಾಷ್ಟ್ರೀಯ ಸಂಸ್ಥೆಯಾದ ಐಟ್ರಿಪಲ್‌ಇ 802.1ಕ್ಯೂ ಎಂಬ ಮಾನದಂಡವನ್ನು ಪ್ರಕಟಿಸಿದ ಮೇಲೆ ಬೇರೆ ಬೇರೆ ಕಂಪನಿಗಳ ಸ್ವಿಚ್ಚುಗಳು ಒಂದೇ ಕೇಬಲಿನಲ್ಲಿ ಹಲವು ವಿಲ್ಯಾನುಗಳನ್ನು ಸಾಗಿಸುವುದು ಸುಲಭವಾಯಿತು.

ಟ್ಯಾಗನ್ನು ಹತ್ತಿರದಿಂದ ನೋಡಿದರೆ ಅದು 4 ಬೈಟಿನ ಒಂದು ಸೇರ್ಪಡೆ. ಫ್ರೇಮಿನ ಮೊದಲ 6 ಬೈಟು ತಲುಪಬೇಕಾದ ವಿಳಾಸ, ಮುಂದಿನ 6 ಬೈಟು ಕಳುಹಿಸಿದವರ ವಿಳಾಸ. ಟ್ಯಾಗ್ ಕೂರುವುದು ಇವುಗಳ ಬೆನ್ನಿಗೆ. ಅದರ ಮೊದಲ 2 ಬೈಟುಗಳನ್ನು ಹದಿನಾರರ ಎಣಿಕೆಯಲ್ಲಿ ಬರೆದರೆ 81 00 ಎಂದಾಗುತ್ತದೆ, ಇಲ್ಲಿ ಟ್ಯಾಗ್ ಇದೆ ಎಂಬ ಸೂಚನೆ ಅದು. ಉಳಿದ 16 ಬಿಟ್‌ಗಳಲ್ಲಿ 3 ಬಿಟ್ ಆದ್ಯತೆಗೆ, 1 ಬಿಟ್ ದಟ್ಟಣೆಯಾದಾಗ ಮೊದಲು ಬಿಡಬಹುದಾದ ಫ್ರೇಮ್ ಎಂಬ ಸೂಚನೆಗೆ, 12 ಬಿಟ್ ವಿಲ್ಯಾನ್ ಸಂಖ್ಯೆಗೆ ಮೀಸಲು. ಆದ್ಯತೆ ಸೊನ್ನೆಯಾಗಿದ್ದರೆ ನಿಮ್ಮ ಕಚೇರಿಯ ಫ್ರೇಮಿನಲ್ಲಿ 81 00 00 0ಎ ಎಂದೂ, ಪ್ರಯೋಗಾಲಯದ ಫ್ರೇಮಿನಲ್ಲಿ 81 00 00 14 ಎಂದೂ ಕಾಣುತ್ತದೆ. 12 ಬಿಟ್‌ಗಳಲ್ಲಿ 4096 ಸಂಖ್ಯೆಗಳು ಹಿಡಿಸುತ್ತವೆ. 0 ಮತ್ತು 4095 ವಿಶೇಷ ಬಳಕೆಗೆ ಹೋಗಿ 4094 ಉಳಿಯುತ್ತವೆ. ಟ್ಯಾಗಿನಿಂದಾಗಿ ಫ್ರೇಮಿನ ಗರಿಷ್ಠ ಉದ್ದ 1518 ಬೈಟಿನಿಂದ 1522ಕ್ಕೆ ಏರುತ್ತದೆ, ಕೊನೆಯಲ್ಲಿರುವ ತಪ್ಪು ಪತ್ತೆಯ ಮೊತ್ತವನ್ನು ಸ್ವಿಚ್ ಹೊಸದಾಗಿ ಲೆಕ್ಕ ಹಾಕುತ್ತದೆ. ಆಚೆಯ ಸ್ವಿಚ್ ಆ್ಯಕ್ಸೆಸ್ ಪೋರ್ಟಿನಿಂದ ಫ್ರೇಮನ್ನು ಹೊರಬಿಡುವ ಮುನ್ನ ಟ್ಯಾಗನ್ನು ತೆಗೆದುಹಾಕುವುದರಿಂದ ನಿಮ್ಮ ಲೆಕ್ಕಪತ್ರದ ಕಂಪ್ಯೂಟರಿಗೆ ಅದು ಎಂದೂ ಕಾಣುವುದಿಲ್ಲ.

ಬದಲಾವಣೆ ಮಾಡುವಾಗ ಎರಡು ಎಚ್ಚರಿಕೆ ಬೇಕು. ಕೆಳಗೆ ಕುಳಿತು ಅದೇ ಕೇಬಲಿನ ಮೂಲಕ ಮೇಲಿನ ಸ್ವಿಚ್ಚನ್ನು ಬದಲಿಸಲು ಹೊರಟರೆ, ಒಂದು ಆದೇಶ ತಪ್ಪಿದರೂ ಸಂಪರ್ಕವೇ ಕಡಿದುಹೋಗುತ್ತದೆ. ಮೇಲೆ ಹೋಗಿ ಆ ಸ್ವಿಚ್ಚಿಗೇ ಕನ್ಸೋಲ್ ಕೇಬಲ್ ಜೋಡಿಸಿ ಮಾಡುವುದು ಕ್ಷೇಮ. ಮಾಡಿದ್ದನ್ನು ಸೇವ್ ಮಾಡುವುದು ಎರಡನೆಯದು. ಹಲವು ಸ್ವಿಚ್ಚುಗಳಲ್ಲಿ ಸೇವ್ ಮಾಡದ ಬದಲಾವಣೆ ಕರೆಂಟ್ ಹೋಗಿ ಬಂದರೆ ಅಳಿದುಹೋಗುತ್ತದೆ. ಕೊನೆಗೆ ಕೆಳಗಿನ ಸ್ವಿಚ್ಚಿನ ಮ್ಯಾಕ್ ಪಟ್ಟಿಯನ್ನು ತೆರೆದು ನೋಡಿ: ಲೆಕ್ಕಪತ್ರದ ಕಂಪ್ಯೂಟರಿನ ಮ್ಯಾಕ್ ವಿಳಾಸ ವಿಲ್ಯಾನ್ 10ರ ಎದುರು, ಟ್ರಂಕ್ ಪೋರ್ಟಿನ ಹೆಸರಿನಲ್ಲಿ ಕಂಡರೆ ಫ್ರೇಮುಗಳು ಸರಿಯಾಗಿ ಕೆಳಗೆ ಬರುತ್ತಿವೆ ಎಂದರ್ಥ. ಕಾಣದಿದ್ದರೆ ಮೇಲಿನ ಸ್ವಿಚ್ಚಿನ ಟ್ರಂಕಿನಲ್ಲಿ 10ಕ್ಕೆ ಅನುಮತಿ ಇದೆಯೇ ಎಂದು ಮೊದಲು ಪರೀಕ್ಷಿಸಿ.

ಪ್ರಶ್ನೆ: ಗದಗಿನಲ್ಲಿ ನಮ್ಮದೊಂದು ಮುದ್ರಣಾಲಯವಿದೆ. ವಿನ್ಯಾಸದ ಕಂಪ್ಯೂಟರ್‌ಗಳನ್ನು ವಿಲ್ಯಾನ್ 10ಕ್ಕೆ, ಬಿಲ್ಲಿಂಗ್ ಕಂಪ್ಯೂಟರ್‌ಗಳನ್ನೂ ಲೇಸರ್ ಪ್ರಿಂಟರನ್ನೂ 20ಕ್ಕೆ ಹಾಕಿದೆವು. ಎಲ್ಲವೂ 192.168.1ರಿಂದ ಆರಂಭವಾಗುವ ಐಪಿ ವಿಳಾಸದಲ್ಲೇ ಇವೆ. ಈಗ ವಿನ್ಯಾಸದವರಿಗೆ ಪ್ರಿಂಟ್ ಕೊಡಲು ಆಗುತ್ತಿಲ್ಲ. ಎರಡು ವಿಲ್ಯಾನುಗಳ ನಡುವೆ ಟ್ರಂಕ್ ಮಾಡಬೇಕೇ?

ಉತ್ತರ: ಟ್ರಂಕ್ ಹಲವು ವಿಲ್ಯಾನುಗಳನ್ನು ಒಟ್ಟಿಗೆ ಸಾಗಿಸುತ್ತದೆ, ಒಂದಕ್ಕೊಂದು ಬೆರೆಸುವುದಿಲ್ಲ. ಒಂದು ವಿಲ್ಯಾನಿನಿಂದ ಇನ್ನೊಂದಕ್ಕೆ ಹೋಗಬೇಕಾದರೆ ನಡುವೆ ರೂಟರ್ ಬೇಕು, ರೂಟರ್ ತನ್ನ ಕೆಲಸ ಮಾಡಬೇಕಾದರೆ ಎರಡೂ ಕಡೆಯ ಐಪಿ ವಿಳಾಸಗಳ ಶ್ರೇಣಿ ಬೇರೆಯಾಗಿರಬೇಕು. ನಿಮ್ಮಲ್ಲಿ ನಡೆಯುತ್ತಿರುವುದು ಇಷ್ಟು: ಪ್ರಿಂಟರಿನ ವಿಳಾಸವನ್ನು ಕಂಡ ವಿನ್ಯಾಸದ ಕಂಪ್ಯೂಟರ್, ಅದು ತನ್ನ ನೆಟ್‌ವರ್ಕಿನಲ್ಲೇ ಇದೆಯೆಂದು ತಿಳಿದು, ಈ ಐಪಿ ಯಾರದು, ನಿಮ್ಮ ಮ್ಯಾಕ್ ವಿಳಾಸ ತಿಳಿಸಿ ಎಂದು ಎಆರ್‌ಪಿ ಬ್ರಾಡ್‌ಕಾಸ್ಟ್ ಕಳುಹಿಸುತ್ತದೆ. ಆ ಕೂಗು ವಿಲ್ಯಾನ್ 10ರೊಳಗೇ ಸುತ್ತಿ ಮುಗಿಯುತ್ತದೆ. ಪ್ರಿಂಟರಿಗೆ ಅದು ಕೇಳಿಸದ ಕಾರಣ ಉತ್ತರವೂ ಬರುವುದಿಲ್ಲ.

ವಿನ್ಯಾಸಕ್ಕೆ 192.168.10ರ ಶ್ರೇಣಿಯನ್ನೂ ಬಿಲ್ಲಿಂಗಿಗೆ 192.168.20ರ ಶ್ರೇಣಿಯನ್ನೂ ಕೊಟ್ಟು, ರೂಟರಿಗೆ ಎರಡರಲ್ಲೂ ಒಂದೊಂದು ವಿಳಾಸವಿಟ್ಟು, ಕಂಪ್ಯೂಟರ್‌ಗಳಲ್ಲಿಯೂ ಪ್ರಿಂಟರಿನಲ್ಲಿಯೂ ಅವನ್ನೇ ಗೇಟ್‌ವೇ (ಬೇರೆ ನೆಟ್‌ವರ್ಕಿಗೆ ಹೋಗುವ ಬಾಗಿಲು) ಎಂದು ನಮೂದಿಸಿ. ರೂಟರಿಗೆ ಸ್ವಿಚ್ಚಿನಿಂದ ಒಂದೇ ಟ್ರಂಕ್ ಕೇಬಲ್ ಸಾಕು: ಫ್ರೇಮ್ 10ರ ಟ್ಯಾಗಿನೊಂದಿಗೆ ಹೋಗಿ, 20ರ ಟ್ಯಾಗಿನೊಂದಿಗೆ ಅದೇ ಕೇಬಲಿನಲ್ಲಿ ಮರಳುತ್ತದೆ. ಆದರೆ ಮುದ್ರಣದ ಫೈಲುಗಳು ಭಾರವಾದವು. ಅವು ದಿನವಿಡೀ ಎರಡು ವಿಲ್ಯಾನುಗಳ ನಡುವೆ ಓಡಾಡುವುದಾದರೆ, ರೂಟರಿನ ಕೆಲಸವನ್ನು ತಾನೇ ಮಾಡುವ ಲೇಯರ್-3 ಸ್ವಿಚ್ ಕೊಳ್ಳುವುದು ಲೇಸು. ಫೈಲ್ ಸರ್ವರನ್ನು ವಿನ್ಯಾಸದ ವಿಲ್ಯಾನಿನಲ್ಲೇ ಇಟ್ಟರೆ ಆ ಖರ್ಚನ್ನೂ ಉಳಿಸಬಹುದು. ಐಪಿ ವಿಳಾಸ ಹಂಚುವ ಡಿಎಚ್‌ಸಿಪಿ ಸರ್ವರ್ ಒಂದೇ ವಿಲ್ಯಾನಿನಲ್ಲಿದ್ದರೆ, ಇನ್ನೊಂದರ ಕೋರಿಕೆಗಳನ್ನು ಅದಕ್ಕೆ ದಾಟಿಸುವ ರಿಲೇಯನ್ನು ರೂಟರಿನಲ್ಲಿ ಹೊಂದಿಸಬೇಕಾಗುತ್ತದೆ.

ಇಷ್ಟಾದ ಮೇಲೂ ಕಂಪ್ಯೂಟರ್ ಪ್ರಿಂಟರನ್ನು ತಾನಾಗಿ ಪತ್ತೆ ಮಾಡದಿರಬಹುದು, ಏಕೆಂದರೆ ಆ ಪತ್ತೆಯ ಸಂದೇಶಗಳು ಒಂದೇ ವಿಲ್ಯಾನಿನೊಳಗೆ ಉಳಿಯುವಂತೆ ರೂಪಿಸಿದವು. ಪ್ರಿಂಟರಿಗೆ ಸ್ಥಿರವಾದ ಐಪಿ ಕೊಟ್ಟು, ಪ್ರತಿ ಕಂಪ್ಯೂಟರಿನಲ್ಲಿ ಅದನ್ನು ಕೈಯಿಂದಲೇ ನಮೂದಿಸಿ. ರೂಟಿಂಗ್ ತೆರೆದ ಕೂಡಲೇ ಎರಡೂ ಕಡೆಯವರಿಗೆ ಎಲ್ಲದಕ್ಕೂ ದಾರಿಯಾಗುತ್ತದೆ ಎಂಬುದನ್ನು ಮಾತ್ರ ಮರೆಯಬಾರದು. ಬಿಲ್ಲಿಂಗಿನ ಲೆಕ್ಕ ಕಾಪಾಡುವುದು ನಿಮ್ಮ ಉದ್ದೇಶವಾಗಿದ್ದರೆ, 10ರಿಂದ ಪ್ರಿಂಟರಿನ ಐಪಿಗೆ, ನೇರ ಮುದ್ರಣಕ್ಕೆ ಬಳಸುವ 9100ನೇ ಟಿಸಿಪಿ ಪೋರ್ಟಿಗೆ (ಇದು ಸ್ವಿಚ್ಚಿನ ಪೋರ್ಟಲ್ಲ, ಸಾಧನದೊಳಗಿನ ಒಂದು ಸೇವೆಯ ಸಂಖ್ಯೆ) ಮಾತ್ರ ಬಿಡುವ ನಿಯಮವನ್ನು ರೂಟರಿನಲ್ಲಿ ಬರೆಯಿರಿ. ಆ ಉದ್ದೇಶವಿಲ್ಲದೆ ಬೆರಳೆಣಿಕೆಯ ಕಂಪ್ಯೂಟರ್‌ಗಳನ್ನು ಸುಮ್ಮನೆ ಬೇರ್ಪಡಿಸಿದ್ದರೆ, ಎಲ್ಲವನ್ನೂ ಒಂದೇ ವಿಲ್ಯಾನಿಗೆ ಮರಳಿಸುವುದೇ ಸರಿಯೆಂದು ನಾನು ಹೇಳುತ್ತೇನೆ.

ಪ್ರಶ್ನೆ: ಬ್ಯಾಡಗಿಯಲ್ಲಿರುವ ನಮ್ಮ ಗೋದಾಮಿನ ಕ್ಯಾಮೆರಾಗಳನ್ನು 8 ಪೋರ್ಟಿನ ಒಂದು ಸಾದಾ ಸ್ವಿಚ್ಚಿಗೆ ಜೋಡಿಸಿದ್ದೇವೆ. ಇದರಲ್ಲಿ ವಿಲ್ಯಾನ್ ಮಾಡಲು ಬರುತ್ತದೆಯೇ? ಮಾಡಿದರೆ ವೇಗ ಹೆಚ್ಚುತ್ತದೆಯೇ?

ಉತ್ತರ: ಹೊಂದಾಣಿಕೆಗೆ ಅವಕಾಶವಿಲ್ಲದ ಸಾದಾ ಸ್ವಿಚ್ಚಿನಲ್ಲಿ ವಿಲ್ಯಾನ್ ರಚಿಸಲು ಬರುವುದಿಲ್ಲ. ಆದರೆ ಅದನ್ನು ಕಚೇರಿಯ ಮ್ಯಾನೇಜ್ಡ್ ಸ್ವಿಚ್ಚಿನ ವಿಲ್ಯಾನ್ 30ರ ಆ್ಯಕ್ಸೆಸ್ ಪೋರ್ಟಿಗೆ ಜೋಡಿಸಿದರೆ, ಅದಕ್ಕೆ ತಗುಲಿದ ಎಲ್ಲವೂ ವಿಲ್ಯಾನ್ 30ರಲ್ಲಿರುತ್ತವೆ. ಕ್ಯಾಮೆರಾಗಳಷ್ಟೇ ಇರುವ ಕಡೆ ಇಷ್ಟು ಸಾಕು. ಅದೇ ಸ್ವಿಚ್ಚಿಗೆ ಯಾರೂ ಕಚೇರಿಯ ಕಂಪ್ಯೂಟರ್ ತಂದು ಜೋಡಿಸದಂತೆ ನೋಡಿಕೊಳ್ಳಿ. ಇನ್ನು ವೇಗದ ಮಾತು: ವಿಲ್ಯಾನಿನಿಂದ ಬ್ರಾಡ್‌ಕಾಸ್ಟ್ ಹರಡುವ ವ್ಯಾಪ್ತಿ ಕಿರಿದಾಗುತ್ತದೆಯೇ ಹೊರತು ಕೇಬಲಿನ ವೇಗ ಹೆಚ್ಚುವುದಿಲ್ಲ. ಒಂದು ಕ್ಯಾಮೆರಾಕ್ಕೆ ಸೆಕೆಂಡಿಗೆ 4 ಮೆಗಾಬಿಟ್ ಬೇಕೆಂದರೆ, ಏಳು ಕ್ಯಾಮೆರಾಗಳ 28 ಮೆಗಾಬಿಟ್ ಯಾವ ವಿಲ್ಯಾನಿನಲ್ಲಿದ್ದರೂ ಅದೇ ಕೇಬಲಿನಲ್ಲೇ ಹರಿಯಬೇಕು.

ಪ್ರಶ್ನೆ: ಧಾರವಾಡದ ಒಂದು ಸಹಕಾರಿ ಸಂಘದ ಕಂಪ್ಯೂಟರ್ ಕೆಲಸ ನನ್ನ ಹೊಣೆ. ಗ್ರಾಹಕರ ವೈಫೈಯನ್ನು ಬೇರೆ ವಿಲ್ಯಾನಿನಲ್ಲಿ ಇಟ್ಟಿದ್ದೇವೆ. ಭದ್ರತೆಗೆ ಇಷ್ಟು ಸಾಲದೇ? ನೇಟಿವ್ ವಿಲ್ಯಾನಿನಿಂದ ಅಪಾಯವಿದೆ ಎನ್ನುತ್ತಾರೆ, ಅದೇನು?

ಉತ್ತರ: ಬೇರ್ಪಡಿಸಿದ್ದು ಸರಿಯಾದ ಕ್ರಮ, ಆದರೆ ಟ್ರಂಕುಗಳನ್ನು ಕಾರ್ಖಾನೆಯ ಹೊಂದಾಣಿಕೆಯಲ್ಲೇ ಬಿಟ್ಟಿದ್ದರೆ ಸಾಲದು. ಟ್ರಂಕಿನಲ್ಲಿ ಟ್ಯಾಗ್ ಇಲ್ಲದೆ ಸಾಗುವ ಒಂದು ವಿಲ್ಯಾನಿಗೆ ಅವಕಾಶವಿರುತ್ತದೆ, ಅದೇ ನೇಟಿವ್ ವಿಲ್ಯಾನ್. ಬಹುತೇಕ ಸ್ವಿಚ್ಚುಗಳಲ್ಲಿ ಅದು ಮೊದಲಿಗೆ 1 ಆಗಿರುತ್ತದೆ. ವಿಲ್ಯಾನ್ 1ರ ಆ್ಯಕ್ಸೆಸ್ ಪೋರ್ಟಿನಲ್ಲಿ ಕುಳಿತ ದುರುದ್ದೇಶದ ವ್ಯಕ್ತಿಯೊಬ್ಬ, ಹೊರಗೆ 1, ಒಳಗೆ 10 ಎಂದು ಎರಡು ಟ್ಯಾಗುಗಳಿರುವ ಫ್ರೇಮನ್ನು ತಾನೇ ತಯಾರಿಸಿ ಕಳುಹಿಸಬಹುದು. ಅದನ್ನು ಒಪ್ಪಿಕೊಂಡ ಮೊದಲ ಸ್ವಿಚ್, ನೇಟಿವ್ ವಿಲ್ಯಾನಿನದೆಂದು ಹೊರಗಿನ ಟ್ಯಾಗನ್ನು ತೆಗೆದು ಟ್ರಂಕಿಗೆ ಬಿಡುತ್ತದೆ. ಎರಡನೆಯ ಸ್ವಿಚ್ಚಿಗೆ ಆಗ ಕಾಣುವುದು ಒಳಗಿನ 10 ಮಾತ್ರ, ಅದು ಫ್ರೇಮನ್ನು ಕಚೇರಿಯ ವಿಲ್ಯಾನಿಗೆ ತಲುಪಿಸಿಬಿಡುತ್ತದೆ. ಉತ್ತರದ ಫ್ರೇಮ್ ಇದೇ ದಾರಿಯಲ್ಲಿ ಮರಳಲಾರದು, ಆದರೂ ಏಕಮುಖದ ದಾಳಿಯಿಂದಲೂ ಹಾನಿ ಮಾಡಲು ಸಾಧ್ಯ.

ಪರಿಹಾರ ಕಷ್ಟದ್ದಲ್ಲ. ಯಾವ ಪೋರ್ಟಿಗೂ ಕೊಡದ ಒಂದು ಸಂಖ್ಯೆಯನ್ನು, ಉದಾಹರಣೆಗೆ 999ನ್ನು, ಟ್ರಂಕಿನ ಎರಡೂ ತುದಿಯಲ್ಲಿ ನೇಟಿವ್ ವಿಲ್ಯಾನ್ ಮಾಡಿ. ಟ್ರಂಕಿನಲ್ಲಿ ಅಗತ್ಯವಾದ ವಿಲ್ಯಾನುಗಳಿಗೆ ಮಾತ್ರ ಅನುಮತಿ ಕೊಡಿ. ಜೋಡಿಸಿದ ಸಾಧನ ಕೇಳಿದರೆ ತಾನಾಗಿ ಟ್ರಂಕ್ ಆಗಿಬಿಡುವ ಸೌಲಭ್ಯ ಕೆಲವು ಸ್ವಿಚ್ಚುಗಳಲ್ಲಿರುತ್ತದೆ. ಅದನ್ನು ಗ್ರಾಹಕರ ಕೈಗೆ ಸಿಗಬಹುದಾದ ಪೋರ್ಟುಗಳಲ್ಲಿ ಮೊದಲು ನಿಲ್ಲಿಸಿ. ಬಳಸದ ಪೋರ್ಟುಗಳನ್ನು ಬಂದ್ ಮಾಡಿಡಿ. ಗ್ರಾಹಕರ ವಿಲ್ಯಾನಿನಿಂದ ನಿಮ್ಮ ಖಾತೆಗಳ ಸರ್ವರಿಗೆ ರೂಟರಿನಲ್ಲಿ ದಾರಿ ಇದೆಯೇ ಎಂಬುದನ್ನು, ಆ ವೈಫೈಗೆ ಸೇರಿಸಿದ ಒಂದು ಲ್ಯಾಪ್‌ಟಾಪಿನಿಂದ ಸರ್ವರಿನ ಐಪಿಗೆ ಮತ್ತು ಸ್ವಿಚ್ಚುಗಳ ಆಡಳಿತದ ಐಪಿಗೆ ಸಂಪರ್ಕಿಸಲು ಪ್ರಯತ್ನಿಸಿ ನೀವೇ ಪರೀಕ್ಷಿಸಬೇಕು. ಯಾವುದಾದರೂ ಉತ್ತರಿಸಿದರೆ ರೂಟರಿನ ನಿಯಮಗಳನ್ನು ಅಂದೇ ಸರಿಪಡಿಸಿ.