ಓದುಗರ ಪ್ರಶ್ನೆ: ಮಗಳನ್ನ ಶಾಲೆಗೇ ಕಳಿಸದಿದ್ರೆ ಏನಾಗ್ತದೆ?

ಪ್ರಶ್ನೆ: ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದು ತೋಟ ನೋಡ್ಕೊಳ್ತಿದೀವಿ. ಮಗಳಿಗೆ ಬರೋ ಮೇ ತಿಂಗಳಿಗೆ ಆರು ತುಂಬ್ತದೆ. ಇಲ್ಲಿ ಎಲ್ರೂ ಬೆಳಿಗ್ಗೆ ಏಳೂವರೆಗೇ ಮಕ್ಕಳನ್ನ ವ್ಯಾನಿಗೆ ಹತ್ತಿಸಿ ಪೇಟೆಯ ಇಂಗ್ಲಿಷ್ ಮೀಡಿಯಂಗೆ ಕಳಿಸ್ತಾರೆ. ನಮಗೆ ಅದು ಬೇಡ, ಮನೇಲೇ ಕಲಿಸೋಣ ಅಂತ. ಅತ್ತೆ ಊಟ ಬಿಟ್ಟು ಕೂತಿದಾರೆ, "ನನ್ನ ಮೊಮ್ಮಗಳೇನು ದನ ಕಾಯಕ್ಕೆ ಹುಟ್ಟಿದ್ದಾ" ಅಂತ. ಇದು ಕಾನೂನಿಗೆ ವಿರುದ್ಧನಾ? ಮುಂದೆ ಕಾಲೇಜಿಗೆ ತೊಂದ್ರೆ ಆಗ್ತದಾ?
(ಓದುಗರು, ತೀರ್ಥಹಳ್ಳಿ ತಾಲ್ಲೂಕು)

ಉತ್ತರ: ಮೊದ್ಲು ಅತ್ತೆಯವರನ್ನ ಊಟಕ್ಕೆ ಎಬ್ಬಿಸಿ ಮಾರಾಯ್ರೆ, ಉಳಿದಿದ್ದು ಆಮೇಲೆ.

2009ರ ಶಿಕ್ಷಣ ಹಕ್ಕು ಕಾಯ್ದೆ, ಆರ್‌ಟಿಇ ಅಂತೀವಲ್ಲ ಅದು, 6ರಿಂದ 14 ವರ್ಷದ ಮಕ್ಕಳನ್ನ ಶಾಲೆಗೆ ಸೇರಿಸೋದು ಅಪ್ಪ ಅಮ್ಮನ ಕರ್ತವ್ಯ ಅನ್ನುತ್ತೆ, ಆದ್ರೆ ಸೇರಿಸದೇ ಇದ್ದ ಅಪ್ಪ ಅಮ್ಮಂಗೆ ಜೈಲು ಅಂತ ಆ ಕಾಯ್ದೇಲಿ ಬರೆದಿಲ್ಲ. ಹೋಂ ಸ್ಕೂಲಿಂಗ್ ಅನ್ನೋ ಮಾತೇ ಅದ್ರಲ್ಲಿ ಬರಲ್ಲ. ಹಂಗಾಗಿ ಪೊಲೀಸ್ರೇನು ಬಾಗ್ಲಿಗೆ ಬರಲ್ಲ, ಬರೋದು ಸಿಆರ್‌ಪಿನೋ (ಸುತ್ತಲಿನ ಶಾಲೆಗಳನ್ನ ನೋಡ್ಕೊಳ್ಳೋ ಶಿಕ್ಷಣ ಇಲಾಖೆಯವ್ರು) ಹೆಡ್‌ಮಾಸ್ಟ್ರೋ, ಶಾಲೆಯಿಂದ ಹೊರಗುಳಿದ ಮಕ್ಕಳ ಲೆಕ್ಕ ಹಿಡ್ಕೊಂಡು. ಅವ್ರ ಹತ್ರ ಜಗಳ ಆಡ್ಬೇಡಿ, ಅದು ಅವ್ರ ಕೆಲಸ, ಕೂರಿಸಿ ಕಾಫಿ ಕೊಟ್ಟು ನೀವು ಏನು ಕಲಿಸ್ತಿದೀರಿ ಅಂತ ತೋರ್ಸಿ. ಇನ್ನೊಂದು ಸಮಾಧಾನ ಅಂದ್ರೆ ಇದೇ ಕಾಯ್ದೆ ಪ್ರಕಾರ ಮಗುನ ನಡುವೆ ಯಾವಾಗ ಸೇರಿಸಿದ್ರೂ ವಯಸ್ಸಿಗೆ ತಕ್ಕ ಕ್ಲಾಸಿಗೇ ತಗೋಬೇಕು, ಹತ್ತು ವರ್ಷದ ಹುಡುಗೀನ ಒಂದನೇ ಕ್ಲಾಸಲ್ಲಿ ಕೂರಿಸೋ ಹಂಗಿಲ್ಲ. ಶಾಲೆಗೇ ಸೇರ್ಸದೆ ಮುಂದುವರಿಸ್ತೀವಿ ಅಂದ್ರೆ ಎನ್‌ಐಒಎಸ್ ಇದೆ, 1989ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಓಪನ್ ಸ್ಕೂಲ್, 14 ತುಂಬಿದ್ರೆ ಹತ್ತನೇ ಕ್ಲಾಸ್ ಪರೀಕ್ಷೆಗೆ ನೋಂದಾಯಿಸ್ಕೋಬಹುದು.

ಇನ್ನು ಕಾಲೇಜು. ಹೋಂ ಸ್ಕೂಲಿಂಗ್ ಬಗ್ಗೆ ಉತ್ಸಾಹದಿಂದ ಭಾಷಣ ಮಾಡೋರು ಯಾರೂ ಇದನ್ನ ಹೇಳಲ್ಲ. ವೃತ್ತಿಪರ ಕೋರ್ಸಿನ ಸೀಟಿಗೆ ಬರೆಯೋ ನಮ್ಮ ರಾಜ್ಯದ ಪ್ರವೇಶ ಪರೀಕ್ಷೆ ಸಿಇಟಿಯಲ್ಲಿ ಗ್ರಾಮೀಣ ಮೀಸಲಾತಿ 15 ಪರ್ಸೆಂಟ್, ಕನ್ನಡ ಮಾಧ್ಯಮಕ್ಕೆ 5 ಪರ್ಸೆಂಟ್, ಎರಡಕ್ಕೂ 1ರಿಂದ 10ನೇ ಕ್ಲಾಸ್ ತನಕ ಓದಿದ ಸರ್ಟಿಫಿಕೇಟ್ ಬೇಕು, ಮೊದಲನೇದಕ್ಕೆ ಹಳ್ಳಿ ಶಾಲೇಲಿ ಓದಿದ್ದು, ಎರಡನೇದಕ್ಕೆ ಕನ್ನಡದಲ್ಲಿ ಓದಿದ್ದು. ಸರ್ಕಾರಿ ಸೀಟಿಗೆ ಅರ್ಹತೆ ಅಂತ ಸಾಮಾನ್ಯವಾಗಿ ಕೇಳೋದೇ ಕರ್ನಾಟಕದ ಮಾನ್ಯತೆ ಇರೋ ಶಾಲೇಲಿ 7 ವರ್ಷ ಓದಿರ್ಬೇಕು ಅಂತ. ಬೇರೆ ಕಲಮುಗಳೂ ಇವೆ, ಸಿಇಟಿ ನಡೆಸೋ ಕೆಇಎಯ ಮಾಹಿತಿ ಪುಸ್ತಕ ಈಗ್ಲೇ ಒಂದ್ಸಲ ಓದಿ. ಮಗಳು ಎಂಜಿನಿಯರೇ ಆಗ್ಬೇಕಂತಿಲ್ಲ ಅಂತ ನೀವನ್ಬಹುದು, ಸರಿ, ಆದ್ರೆ ಕೃಷಿ ಪದವಿಗೂ ಪಶುವೈದ್ಯಕ್ಕೂ ಅದೇ ಬಾಗಿಲು, ಹದಿನೇಳನೇ ವಯಸ್ಸಲ್ಲಿ ಅವಳು ಬಂದು ಕೇಳಿದ್ರೆ ಉತ್ತರ ಕೊಡೋದು ನೀವೇ.

ನನಗೆ ಇದಕ್ಕಿಂತ ದೊಡ್ಡದು ಅನ್ಸೋದು ಬೇರೆ. ಬೆಂಗಳೂರಲ್ಲಾದ್ರೆ ಅಪಾರ್ಟ್‌ಮೆಂಟ್ ಕೆಳಗೆ ಇಳಿದ್ರೆ ಹತ್ತು ಮಕ್ಕಳು ಸಿಗ್ತವೆ. ನಿಮ್ದು ಮಲೆನಾಡಿನ ಒಂಟಿ ಮನೆ, ಪಕ್ಕದ ಮನೆ ಅಂದ್ರೆ ಗದ್ದೆ ದಾಟಿ ದಿಬ್ಬ ಹತ್ತಿ ಹೋಗ್ಬೇಕು, ಆ ಮನೇಲೂ ಈಗ ಅಜ್ಜ ಅಜ್ಜಿ ಇಬ್ರೇ. ಜೂನಿಂದ ಆಗಸ್ಟ್ ತನಕ ಧೋ ಅಂತ ಸುರಿಯೋ ಮಳೇಲಿ ಆ ಮಗು ಯಾರ ಜೊತೆ ಆಡ್ತದೆ, ಯಾರ ಜೊತೆ ಜಗಳ ಆಡಿ ರಾಜಿ ಆಗ್ತದೆ? ಇಲ್ಲಿ ಶಾಲೆ ಬಿಡಿಸೋದು ಅಂದ್ರೆ ಜೊತೆಗಾರರನ್ನ ಬಿಡಿಸೋದು. ಇನ್ನು ಕಲಿಸೋರು ಯಾರು? "ನಾವು" ಅಂತ ಬರೆದಿದೀರಿ. ಅಡಿಕೆ ಕೊನೆ ಕೊಯ್ಲು ಶುರುವಾಗಿ ಸುಲಿಯೋದು ಬೇಯಿಸೋದು ಒಣಗಿಸೋದು ಅಂತ ಅಂಗಳ ತುಂಬಿದಾಗ ಆ "ನಾವು" ನೀವೊಬ್ರೇ ಆಗ್ತೀರಿ, ಯಜಮಾನರು ಬೇಜಾರು ಮಾಡ್ಕೊಂಡ್ರೂ ಪರ್ವಾಗಿಲ್ಲ, ಹೇಳ್ತೀನಿ.

ನನ್ನ ಕೇಳಿದ್ರೆ ನಿಮ್ಮೂರ ಸರ್ಕಾರಿ ಕನ್ನಡ ಶಾಲೆಗೆ ಸೇರ್ಸಿ, ನಡ್ಕೊಂಡು ಹೋಗಿ ಬರೋ ದೂರ ಇದ್ರೆ ಇನ್ನೂ ಒಳ್ಳೇದು. ವ್ಯಾನ್ ಇಲ್ಲ, ಹೋಂವರ್ಕ್ ಹೊರೆ ಇಲ್ಲ, ಸಂಜೆ ಪೂರ್ತಿ ನಿಮ್ದೇ. ತೋಟ, ಕಥೆ, ಲೆಕ್ಕ, ಏನು ಬೇಕಾದ್ರೂ ಕಲ್ಸಿ. ಪಂಚಾಯ್ತಿ ಲೈಬ್ರರೀಲಿ ಮಕ್ಕಳಿಗೆ ಸದಸ್ಯತ್ವ ಫ್ರೀ ಇದೆ, ಅದನ್ನೂ ಮಾಡಿಸ್ಕೊಳ್ಳಿ. ಸತ್ಯ ಹೇಳ್ಬೇಕಂದ್ರೆ ಈಗಿನ ಕಾಲದಲ್ಲಿ ನಿಮ್ಮಂಥೋರು ಮಗುನ ಸರ್ಕಾರಿ ಶಾಲೆಗೆ ಹಾಕೋದೇ ಊರೆಲ್ಲ ಮಾತಾಡೋ ಸುದ್ದಿ, ಅತ್ತೆಯವರು ಅದಕ್ಕೂ ಒಂದಿನ ಮುನಿಸ್ಕೋಬಹುದು.

ಪ್ರಶ್ನೆ: ಮಗನಿಗೆ ಎರಡೂವರೆ ವರ್ಷ, ಇನ್ನೂ ಎದೆಹಾಲು ಕುಡೀತಾನೆ. ಮದುವೆ ಮನೇಲಿ ಎಲ್ರೂ ನಗ್ತಾರೆ. ಬೇವಿನೆಣ್ಣೆ ಹಚ್ಚಿ ಬಿಡ್ಸು ಅಂತಾರೆ.
(ಓದುಗರು, ಸಾಗರ)

ಉತ್ತರ: ನಗೋರು ನಗ್ಲಿ. ಮೊದಲ 6 ತಿಂಗಳು ಬರೀ ಎದೆಹಾಲು, ಆಮೇಲೆ ಊಟದ ಜೊತೆ 2 ವರ್ಷ ಅಥವಾ ಅದಕ್ಕೂ ಮೇಲೆ ಅಂತ ವಿಶ್ವ ಆರೋಗ್ಯ ಸಂಸ್ಥೆನೇ ಹೇಳೋದು. ಊಟ ಚೆನ್ನಾಗಿ ಮಾಡ್ತಾನಾ ನೋಡ್ಕೊಳ್ಳಿ, ಅಷ್ಟು ಸಾಕು. ನಿಮಗೇ ಸುಸ್ತಾಗಿದ್ರೆ ಬಿಡ್ಸಿ, ಹಗಲಿಂದು ಮೊದ್ಲು, ರಾತ್ರಿದು ಆಮೇಲೆ, ನಿಧಾನಕ್ಕೆ. ಬೇವಿನೆಣ್ಣೆ ಗಿವಿನೆಣ್ಣೆ ಬೇಡ, ಅದು ಮಗುವಿನ ಹೊಟ್ಟೆಗೆ ಹೋಗ್ಬಾರ್ದು.

ಪ್ರಶ್ನೆ: ನಮ್ಮನೇಲಿ ಮೊಬೈಲ್ ಟಿವಿ ಎರಡೂ ಕೊಡಲ್ಲ, ಏಳು ವರ್ಷದ ಮಗ ಇಡೀ ದಿನ ಬರಿಗಾಲಲ್ಲಿ ಬ್ಯಾಣ (ಹುಲ್ಲುಗಾವಲು), ಕಾಡು ಅಂತ ಅಲೀತಾನೆ. ನೆಂಟರು ಬೈತಾರೆ. ತಪ್ಪಾ?
(ಓದುಗರು, ಹೊಸನಗರ ತಾಲ್ಲೂಕು)

ಉತ್ತರ: ಅಲೀಲಿ ಬಿಡಿ, ಒಳ್ಳೇದೇ. ಆದ್ರೆ ಡಿಸೆಂಬರಿಂದ ಮೇ ತನಕ ಕಾಡಿನ ವಿಷಯದಲ್ಲಿ ನೆಂಟರ ಮಾತು ಕೇಳಿ. ಮಂಗನ ಕಾಯಿಲೆ ಅನ್ನೋ ಜ್ವರ 1957ರಲ್ಲಿ ಗೊತ್ತಾಗಿದ್ದೇ ನಮ್ಮ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ, ಅದು ಹರಡೋದು ಉಣುಗಿನಿಂದ (ಮೈಗೆ ಕಚ್ಕೊಂಡು ರಕ್ತ ಹೀರೋ ಸಣ್ಣ ಹುಳ, ಉಣ್ಣೆ), ಅದ್ರಲ್ಲೂ ಕಣ್ಣಿಗೆ ಸರಿಯಾಗಿ ಕಾಣದ ಮರಿ ಉಣುಗಿನಿಂದ. ಆ ತಿಂಗಳುಗಳಲ್ಲಿ ದರಕು (ಒಣ ಎಲೆ) ಬಿದ್ದ ಕಾಡಿಗೆ ಬೇಡ, ಅಂಗಳ ತೋಟ ಸಾಕು. ತೋಟಕ್ಕೆ ಹೋದ್ರೂ ಮೈತುಂಬ ಬಟ್ಟೆ ಇರ್ಲಿ, ಬಂದ ಕೂಡ್ಲೇ ಬಿಸಿನೀರು ಸೋಪು ಹಾಕಿ ಸ್ನಾನ, ಕಿವಿ ಹಿಂದೆ ಕಂಕುಳು ಎಲ್ಲ ನೋಡಿ. ಆಶಾ ಕಾರ್ಯಕರ್ತೆ ಹತ್ರ ಉಣುಗು ಹತ್ತದ ಹಂಗೆ ಹಚ್ಕೊಳ್ಳೋ ಎಣ್ಣೆ ಕೇಳಿ, ಮಕ್ಕಳಿಗೆ ಹೆಂಗೆ ಹಚ್ಚೋದು ಅಂತ್ಲೂ ಅವ್ರನ್ನೇ ಕೇಳಿ. ಎಲ್ಲಾದ್ರೂ ಮಂಗ ಸತ್ತು ಬಿದ್ದಿದ್ರೆ ಆ ಕಡೆ ಕಾಲೇ ಹಾಕ್ಬೇಡಿ, ಆರೋಗ್ಯ ಇಲಾಖೆಗೆ ತಿಳ್ಸಿ. ಜ್ವರ ಬಂದ್ರೆ ಮಾತ್ರೆ ಕೊಟ್ಟು ಮನೇಲಿ ಇಟ್ಕೋಬೇಡಿ, ಪಿಎಚ್‌ಸಿಗೆ (ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ) ಕರ್ಕೊಂಡು ಹೋಗಿ "ಕಾಡಿಗೆ ಹೋಗಿದ್ದ" ಅಂತ ಬಾಯಿಬಿಟ್ಟು ಹೇಳಿ, ಹೇಳಿದ್ರೆ ರಕ್ತ ಪರೀಕ್ಷೆಗೆ ಬೇಗ ಕಳಿಸ್ತಾರೆ.